ಕೋರ್ಸನ್ನು ಎಲ್ಲಿ ಕತ್ತರಿಸಬೇಕು?

(ಆನ್‌ಲೈನ್ ಕೋರ್ಸ್ ರೂಪಿಸುವ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಪಾಠ ಮಾಡುವವರು. ಕೆಲವರು ಈಗಾಗಲೇ ಆನ್‌ಲೈನ್ ಕೋರ್ಸ್ ಮಾಡಿದ್ದೀರಿ, ಇನ್ನು ಕೆಲವರು ಮಾಡಬೇಕು ಅಂತ ಹೊರಟಿದ್ದೀರಿ. ನಿಮ್ಮ ವಿಷಯ ನಿಮಗೆ ಚೆನ್ನಾಗಿ ಗೊತ್ತು. ಹಾಗಾಗಿ ವಿಷಯದ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಕೋರ್ಸನ್ನು ಮಾಡ್ಯೂಲ್‌ಗಳಾಗಿ ಭಾಗ ಮಾಡುವಾಗ ಕತ್ತರಿ ಎಲ್ಲಿ ಹಾಕಬೇಕು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಧ್ಯಾಯ ಮುಗಿಯುವ ಕಡೆ ಅಲ್ಲ. ಕಲಿಯುವವರ ಕೈಗೆ ಹೊಸದೊಂದು ಕೆಲಸ ಹತ್ತುವ ಕಡೆ. ನಿನ್ನೆ ಮಾಡಲು ಬಾರದ್ದನ್ನು ಇವತ್ತು ಅವರು ಸ್ವಂತವಾಗಿ ಮಾಡುತ್ತಾರೆ ಅನ್ನುವ ಜಾಗ ಬಂತಲ್ಲ, ಅಲ್ಲಿಗೆ ಒಂದು ಮಾಡ್ಯೂಲ್ ಮುಗಿಯಿತು.

ಇದು ಕೇಳಲು ಸುಲಭ. ಮಾಡಲು ಹೋದಾಗ ಕಷ್ಟ ಗೊತ್ತಾಗುತ್ತದೆ, ಯಾಕೆಂದರೆ ನಮ್ಮ ಕೈಯಲ್ಲಿ ಮೊದಲೇ ಒಂದು ಪುಸ್ತಕ ಇರುತ್ತದೆ, ಒಂದು ಸಿಲಬಸ್ ಇರುತ್ತದೆ, ಹಳೆಯ ಸ್ಲೈಡುಗಳು ಇರುತ್ತವೆ. ಅವುಗಳಲ್ಲಿ ಆಗಲೇ ಭಾಗಗಳಿವೆ. ಅಧ್ಯಾಯ ಒಂದು ಅಂದರೆ ಮಾಡ್ಯೂಲ್ ಒಂದು, ಅಧ್ಯಾಯ ಎರಡು ಅಂದರೆ ಮಾಡ್ಯೂಲ್ ಎರಡು ಅಂತ ಹಾಕಿಕೊಂಡು ಹೋದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ತುಂಬಾ ಕೋರ್ಸುಗಳು ಹೀಗೇ ಹುಟ್ಟುತ್ತವೆ.

ತರಗತಿಯಲ್ಲಾದರೆ ಇದರಿಂದ ಅಂಥ ತೊಂದರೆ ಆಗುವುದಿಲ್ಲ. ಗಂಟೆ ಹೊಡೆಯುತ್ತದೆ, ಪಾಠ ನಿಲ್ಲುತ್ತದೆ. ಮರುದಿನ ಬಂದು "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?" ಅಂತ ಕೇಳಿ ಮುಂದುವರಿಸುತ್ತೇವೆ. ಭಾಗ ಮಾಡಿದ್ದು ಸರಿಯಿಲ್ಲದಿದ್ದರೂ ಮಕ್ಕಳ ಮುಖ ನೋಡಿ ಅಲ್ಲಲ್ಲೇ ಸರಿಮಾಡಿಕೊಳ್ಳುತ್ತೇವೆ. ಆನ್‌ಲೈನ್‌ನಲ್ಲಿ ಆ ಮುಖ ನಮಗೆ ಕಾಣುವುದಿಲ್ಲ. ಕಲಿಯುವವರು ಕೆಲಸ ಮುಗಿಸಿ, ಮನೆಯವರೆಲ್ಲ ಮಲಗಿದ ಮೇಲೆ ಲಾಗಿನ್ ಆಗುತ್ತಾರೆ. ಹಿಂದಿನ ಸಲ ನೋಡಿ ವಾರವೇ ಕಳೆದಿರುತ್ತದೆ. ಅವರಿಗೆ ಕಾಣುವುದು ಮಾಡ್ಯೂಲ್‌ಗಳ ಪಟ್ಟಿ. ನಾನು ಎಲ್ಲಿದ್ದೆ? ಮುಂದೇನು? ಇವತ್ತು ಅರ್ಧ ಗಂಟೆ ಸಿಕ್ಕಿದೆ, ಅಷ್ಟರಲ್ಲಿ ಏನು ಮುಗಿಸಬಹುದು? ಇಷ್ಟಕ್ಕೂ ಆ ಪಟ್ಟಿಯೇ ಉತ್ತರ ಕೊಡಬೇಕು. ನೀವು ಅಲ್ಲಿಲ್ಲದ ಹೊತ್ತಿನಲ್ಲಿ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ.

ಮಾಡ್ಯೂಲ್ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು "ಏಳು ಇರಬೇಕಂತೆ, ಹೌದಾ?" ಅಂತ ಕೇಳುತ್ತಾರೆ. ಈ ಏಳು ಎಲ್ಲಿಂದ ಬಂತು ಅಂತ ಹೇಳುತ್ತೇನೆ. 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನುವ ಮನೋವಿಜ್ಞಾನಿ ಒಂದು ಲೇಖನ ಬರೆದರು. ಮನುಷ್ಯ ಒಂದು ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಸುಮಾರು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಅಂದರು. 2001ರಲ್ಲಿ ನೆಲ್ಸನ್ ಕೋವನ್ ಮತ್ತೆ ಲೆಕ್ಕ ಹಾಕಿ, ಅಷ್ಟೂ ಇಲ್ಲ, ಸುಮಾರು ನಾಲ್ಕೇ ಅಂದರು. ಆದರೆ ಇವರಿಬ್ಬರೂ ಮಾತಾಡಿದ್ದು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದರ ಬಗ್ಗೆ. ಪರದೆಯ ಮೇಲೆ ಕಣ್ಣೆದುರೇ ಇರುವ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಹಾಗಾಗಿ ನಿಮ್ಮ ಕೋರ್ಸಿಗೆ ಹನ್ನೊಂದು ಮಾಡ್ಯೂಲ್ ಬೇಕಾದರೆ ಹನ್ನೊಂದೇ ಇರಲಿ. ಏಳಕ್ಕೆ ಇಳಿಸಲು ಎರಡೆರಡನ್ನು ಸೇರಿಸಿ ಹೊಲಿಯಬೇಡಿ.

ಆ ಸಂಶೋಧನೆ ನಮಗೆ ಬೇಕಾಗುವುದು ಬೇರೆ ಕಡೆ. ಮಿಲ್ಲರ್ ಇನ್ನೊಂದು ಮಾತು ಹೇಳಿದ್ದರು. ಎಣಿಕೆ ಬಿಡಿ ಸಂಗತಿಗಳದ್ದಲ್ಲ, ಗುಂಪುಗಳದ್ದು. ಗೊತ್ತಿರುವವರ ಗುಂಪು ದೊಡ್ಡದಾಗಿರುತ್ತದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಇಬ್ಬರು ಚೆಸ್ ಆಟಗಾರರ ಮೇಲೆ ಒಂದು ಪ್ರಯೋಗ ಮಾಡಿದರು. ನಿಜವಾದ ಆಟದ ನಡುವಿನ ಒಂದು ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಜಾಗದಲ್ಲಿ ಇಡುತ್ತಾನೆ. ಅದೇ ಕಾಯಿಗಳನ್ನು ಸುಮ್ನೆ ಎಲ್ಲೆಂದರಲ್ಲಿ ಚೆಲ್ಲಿ ತೋರಿಸಿದರೆ ಅವನ ಆ ಮೇಲುಗೈ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದೇನಲ್ಲ. ಹಲವು ಕಾಯಿಗಳನ್ನು ಅವನು ಒಂದೇ ಗುಂಪಾಗಿ ನೋಡುತ್ತಾನೆ, ಅಷ್ಟೇ.

ಈಗ ನಿಮ್ಮ ಕೋರ್ಸಿನ ಕಡೆ ನೋಡಿ. ನಿಮಗೆ "ಒಂದು ಸಣ್ಣ ಹೆಜ್ಜೆ" ಅನ್ನಿಸುವುದು ಹೊಸಬರಿಗೆ ಆರು ಹೆಜ್ಜೆ ಆಗಿರಬಹುದು. ನಿಮಗೆ ಆ ಆರು ಕಾಣುವುದೇ ಇಲ್ಲ, ಯಾಕೆಂದರೆ ಅವು ನಿಮ್ಮೊಳಗೆ ಯಾವತ್ತೋ ಅಂಟಿಕೊಂಡು ಒಂದಾಗಿವೆ. ವಿಷಯ ಚೆನ್ನಾಗಿ ಬಲ್ಲವರು ತಮ್ಮ ಅಂದಾಜಿನ ಮೇಲೇ ಮಾಡ್ಯೂಲ್ ಕತ್ತರಿಸಿದರೆ ಮೊದಲ ಮಾಡ್ಯೂಲೇ ಬೆಟ್ಟವಾಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ವಿಷಯ ಗೊತ್ತಿಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಮಾಡಲು ಕೊಡಿ. ಅವರು ಎಲ್ಲೆಲ್ಲಿ ನಿಲ್ಲುತ್ತಾರೆ ಅಂತ ಬರೆದುಕೊಳ್ಳಿ. ಬಾಯಿ ತೆರೆಯಬೇಡಿ. ಸಹಾಯ ಮಾಡಬೇಕು ಅಂತ ತುಂಬಾ ಅನ್ನಿಸುತ್ತದೆ, ತಡೆದುಕೊಳ್ಳಿ.

ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಎಲ್ಲರಿಗೂ ಪರಿಚಯ ಇರುವ ವಿಷಯ ತೆಗೆದುಕೊಂಡಿದ್ದೇನೆ: ಸ್ಪ್ರೆಡ್‌ಶೀಟ್. ಯಾವುದೇ ಕಂಪನಿಯದ್ದಾಗಲಿ, ಒಂದೇ.

ಸ್ಪ್ರೆಡ್‌ಶೀಟ್ ಕೋರ್ಸ್ ಮಾಡಿ ಅಂದರೆ ಸಾಮಾನ್ಯವಾಗಿ ಬರುವ ಪಟ್ಟಿ ಇದು. ಮೊದಲ ಮಾಡ್ಯೂಲ್: ಪರಿಚಯ, ಮೆನು, ಟೂಲ್‌ಬಾರ್. ಎರಡನೆಯದು: ಸೆಲ್ ಫಾರ್ಮ್ಯಾಟಿಂಗ್. ಮೂರನೆಯದು: ಸೂತ್ರಗಳು. ನಾಲ್ಕನೆಯದು: ಫಂಕ್ಷನ್‌ಗಳು. ಆಮೇಲೆ ಚಾರ್ಟು, ಪಿವಟ್ ಟೇಬಲ್, ಪ್ರಿಂಟಿಂಗ್. ನೋಡಲು ನೀಟಾಗಿದೆ. ಆದರೆ ಇದು ಆ ಸಾಫ್ಟ್‌ವೇರಿನ ಮೆನು ಇರುವ ಕ್ರಮ. ಕಲಿಯುವವರಿಗೆ ಬೇಕಾಗುವ ಕ್ರಮ ಅಲ್ಲ. ಎರಡು ಮಾಡ್ಯೂಲ್ ಮುಗಿಸಿದವರು ಏನು ಮಾಡಬಲ್ಲರು? ಬಣ್ಣ ಹಾಕಬಲ್ಲರು. ಅದಕ್ಕಾಗಿ ಯಾರೂ ಸ್ಪ್ರೆಡ್‌ಶೀಟ್ ಕಲಿಯಲು ಬರುವುದಿಲ್ಲ, ಅಲ್ವಾ?

ಅದೇ ಕೋರ್ಸನ್ನು ಕೆಲಸದ ಲೆಕ್ಕದಲ್ಲಿ ಕತ್ತರಿಸಿದರೆ ಹೇಗಿರುತ್ತದೆ? ಮೊದಲ ಮಾಡ್ಯೂಲ್: ಗೊಂದಲವಾಗಿರುವ ಪಟ್ಟಿಯೊಂದನ್ನು ಬಳಸಲು ಬರುವ ಹಾಗೆ ಶುಚಿ ಮಾಡುವುದು. ಎರಡನೆಯದು: ಆ ಪಟ್ಟಿಗೆ ಪ್ರಶ್ನೆ ಕೇಳಿ ಉತ್ತರ ಪಡೆಯುವುದು. ಒಟ್ಟು ಎಷ್ಟು, ಯಾವುದು ಜಾಸ್ತಿ, ಯಾರದು ಬಾಕಿ. ಮೂರನೆಯದು: ಒಂದು ಲೆಕ್ಕವನ್ನು ಸಾವಿರ ಸಾಲಿಗೆ ಒಮ್ಮೆಗೇ ಹಾಕುವುದು. ನಾಲ್ಕನೆಯದು: ಎರಡು ಪಟ್ಟಿಗಳನ್ನು ಹೊಂದಿಸುವುದು. ಐದನೆಯದು: ಕಂಡದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ತೋರಿಸುವುದು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹಿಂಬಾಲಿಸಿ ನೋಡಿ. ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕುತ್ತಾರಲ್ಲ, ಸೆಲ್ಲಿನ ವಿಳಾಸ ಕದಲದ ಹಾಗೆ ಕಟ್ಟಿಹಾಕಲು, ಅದು. ಮೊದಲ ರೀತಿಯ ಕೋರ್ಸಿನಲ್ಲಿ ಅದು ಸೂತ್ರಗಳ ಮಾಡ್ಯೂಲ್‌ನಲ್ಲಿ ಬರುತ್ತದೆ. "ಸೆಲ್ ವಿಳಾಸಗಳಲ್ಲಿ ಮೂರು ವಿಧ" ಅಂತ ಒಂದು ವಿಡಿಯೋ. ಕೇಳುವವರು ತಲೆಯಾಡಿಸುತ್ತಾರೆ, ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಯಾಕೆ ಬೇಕು ಅಂತ ಗೊತ್ತಿಲ್ಲದೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ.

ಎರಡನೇ ರೀತಿಯ ಕೋರ್ಸಿನಲ್ಲಿ ಅದು ಮೂರನೇ ಮಾಡ್ಯೂಲ್‌ನಲ್ಲಿ ಬರುತ್ತದೆ. ಒಂದು ದರ ಒಂದೇ ಸೆಲ್‌ನಲ್ಲಿದೆ. ಆ ದರದಿಂದ ನೂರಾರು ಸಾಲುಗಳನ್ನು ಗುಣಿಸಬೇಕು. ಮೊದಲ ಸಾಲಿಗೆ ಸೂತ್ರ ಬರೆದರು, ಉತ್ತರ ಸರಿ ಬಂತು. ಖುಷಿಯಿಂದ ಕೆಳಗೆ ಎಳೆದರು. ಎರಡನೇ ಸಾಲಿನಿಂದ ಎಲ್ಲಾ ಸೊನ್ನೆ! ಯಾಕೆ? ಸೂತ್ರ ಕೆಳಗಿಳಿದಾಗ ದರದ ವಿಳಾಸವೂ ಒಂದೊಂದು ಸಾಲು ಕೆಳಗಿಳಿಯಿತು, ಅಲ್ಲಿ ಖಾಲಿ ಸೆಲ್ ಇತ್ತು. ಈಗ ಕಲಿಯುವವರೇ ಕೇಳುತ್ತಾರೆ, ಇದನ್ನು ಕದಲದ ಹಾಗೆ ಮಾಡುವುದು ಹೇಗೆ ಅಂತ. ಆಗ ಎರಡು ನಿಮಿಷ ಡಾಲರ್ ಚಿಹ್ನೆ ಹೇಳಿ. ಅವರು ಅದನ್ನು ಮರೆಯುವುದು ಕಷ್ಟ. ವಿವರಣೆ ಎರಡೂ ಕಡೆ ಅದೇ, ಬೇಕಾದರೆ ಅದೇ ವಿಡಿಯೋ. ಬದಲಾಗಿದ್ದು ಅದು ಇರುವ ಜಾಗ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ಭಾಗ ಮಾಡುವುದು ಪಾಠ ಮುಗಿದ ಮೇಲೆ ಮಾಡುವ ಕಪಾಟು ಜೋಡಿಸುವ ಕೆಲಸ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಭಾಗ ಮಾಡುವುದೇ ಪಾಠದ ಅರ್ಧ ಕೆಲಸ.

ಹಾಗಾದರೆ ಮೆನು, ಟೂಲ್‌ಬಾರ್ ಪರಿಚಯ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಚೂರುಚೂರಾಗಿ ಬೇಕಾದ ಕಡೆ ಸೇರಿಕೊಂಡಿದೆ. ಪಟ್ಟಿ ಶುಚಿ ಮಾಡುವಾಗ ಸಾರ್ಟ್ ಮತ್ತು ಫಿಲ್ಟರ್ ಬೇಕಾಯಿತು, ಆಗ ಆ ಮೆನು ತೋರಿಸಿದೆವು.

ಹೀಗೆ ಕತ್ತರಿಸುವುದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಆನ್‌ಲೈನ್ ಕೋರ್ಸ್ ಸೇರಿದವರಲ್ಲಿ ಹೆಚ್ಚಿನವರು ಮುಗಿಸುವುದಿಲ್ಲ. ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ನಡೆಸಿದ ಎಲ್ಲರಿಗೂ ತೆರೆದ ಕೋರ್ಸುಗಳ ಅಂಕಿಅಂಶ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಹೆಸರು ಬರೆಸಿದವರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಇದರಲ್ಲಿ ಸುಮ್ನೆ ಇಣುಕಿ ನೋಡಲು ಬಂದವರೂ ಇದ್ದಾರೆ, ಮಾಡ್ಯೂಲ್ ಸರಿಮಾಡಿದ ಕೂಡಲೇ ಎಲ್ಲರೂ ಕೊನೆತನಕ ಬರುತ್ತಾರೆ ಅಂತಲೂ ನಾನು ಹೇಳುವುದಿಲ್ಲ. ಆದರೆ ನಡುವೆ ಬಿಟ್ಟುಹೋಗುವವರೇ ಹೆಚ್ಚು ಅಂತ ಗೊತ್ತಿದ್ದ ಮೇಲೆ, ಅವರು ಏನು ತೆಗೆದುಕೊಂಡು ಹೋಗುತ್ತಾರೆ ಅಂತ ಕೇಳಿಕೊಳ್ಳಬೇಕಲ್ಲವೇ? ಮೊದಲ ರೀತಿಯ ಕೋರ್ಸ್ ಬಿಟ್ಟವರ ಬಳಿ ಅರ್ಧ ಪರಿಚಯ ಇರುತ್ತದೆ. ಎರಡನೇ ರೀತಿಯದನ್ನು ಒಂದೇ ಮಾಡ್ಯೂಲ್‌ಗೆ ಬಿಟ್ಟವರಿಗೂ ಒಂದು ಪಟ್ಟಿಯನ್ನು ಶುಚಿ ಮಾಡಲು ಬರುತ್ತದೆ. ಅದು ಅವರಿಗೆ ದಕ್ಕಿದ್ದು.

ಕೊನೆಯಿಂದ ಹಿಂದಕ್ಕೆ ಯೋಚಿಸುವ ಈ ವಿಧಾನ ಹೊಸದಲ್ಲ. 1998ರಲ್ಲಿ ವಿಗಿನ್ಸ್ ಮತ್ತು ಮ್ಯಾಕ್‌ಟೈ ಎಂಬ ಇಬ್ಬರು ಶಿಕ್ಷಣ ತಜ್ಞರು ಇದನ್ನು ಒಂದು ಕ್ರಮವಾಗಿ ಬರೆದಿಟ್ಟರು. ಮೊದಲು ಕಲಿಯುವವರು ಕೊನೆಗೆ ಎಲ್ಲಿರಬೇಕು ಅಂತ ತೀರ್ಮಾನಿಸಿ, ಅಲ್ಲಿ ಮುಟ್ಟಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ನೋಡಿ, ಆಮೇಲೆ ಮಾತ್ರ ಪಾಠ ಯೋಚಿಸಿ ಅಂದರು. ಅದಕ್ಕೂ ಹಿಂದೆ, 1962ರಲ್ಲೇ, ರಾಬರ್ಟ್ ಮೇಗರ್ ಎಂಬವರು ಪಾಠದ ಗುರಿಯನ್ನು ಕಣ್ಣಿಗೆ ಕಾಣುವ ಕೆಲಸದ ರೂಪದಲ್ಲಿ ಬರೆಯಿರಿ ಅಂತ ಪಟ್ಟುಹಿಡಿದು ಹೇಳಿದ್ದರು. "ತಿಳಿದುಕೊಳ್ಳುತ್ತಾರೆ", "ಅರಿವು ಮೂಡುತ್ತದೆ" ಅಂತೆಲ್ಲ ಬರೆದರೆ ಆಯಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. "ಎರಡು ಪಟ್ಟಿ ಕೊಟ್ಟರೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳನ್ನು ಹುಡುಕುತ್ತಾರೆ" ಅಂತ ಬರೆದರೆ ಗೊತ್ತಾಗುತ್ತದೆ. ಮಾಡ್ಯೂಲ್ ಶುರುಮಾಡುವ ಮೊದಲು ಅದರ ಕೊನೆಯ ಅಭ್ಯಾಸವನ್ನು ಬರೆಯಿರಿ. ಅದು ಬರೆಯಲು ಬರದಿದ್ದರೆ ಆ ಮಾಡ್ಯೂಲ್ ಇನ್ನೂ ಮಾಡ್ಯೂಲ್ ಆಗಿಲ್ಲ.

"ಎಲ್ಲ ವಿಷಯವೂ ಸ್ಪ್ರೆಡ್‌ಶೀಟಿನ ಹಾಗೆ ಕೈಕೆಲಸ ಅಲ್ಲವಲ್ಲ, ನಾನು ಇತಿಹಾಸ ಹೇಳಿಕೊಡುವುದು" ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ನ್ಯಾಯವಾದ ಮಾತು. ಇತಿಹಾಸದಲ್ಲೂ ಕೆಲಸ ಇದೆ. ಒಂದೇ ಘಟನೆಯ ಬಗ್ಗೆ ಇಬ್ಬರು ಬರೆದ ದಾಖಲೆ ಓದಿ ಎಲ್ಲಿ ಬೇರೆಯಾಗುತ್ತವೆ ಅಂತ ಗುರುತಿಸುವುದು ಕೆಲಸ. ಒಂದು ಯುದ್ಧಕ್ಕೆ ಕೊಡುವ ಮೂರು ಕಾರಣಗಳಲ್ಲಿ ಯಾವುದು ಗಟ್ಟಿ ಅಂತ ವಾದಿಸುವುದು ಕೆಲಸ. ಕಾಲದ ಕ್ರಮದಲ್ಲೇ ಹೋಗಿ, ತಪ್ಪಿಲ್ಲ. ಕಥೆಗೆ ಅದರದೇ ಕ್ರಮ ಇರುತ್ತದೆ. ಆದರೆ ಒಂದು ರಾಜವಂಶ ಮುಗಿಯಿತು ಅಂತ ಮಾಡ್ಯೂಲ್ ಮುಗಿಸಬೇಡಿ. ಒಂದು ಪ್ರಶ್ನೆಗೆ ಕಲಿಯುವವರು ಉತ್ತರ ಕೊಡುವ ಹಾಗಾದಾಗ ಮುಗಿಸಿ.

ಇನ್ನು ಅಳತೆ. ವಿಡಿಯೋ ಆರು ನಿಮಿಷ ಮೀರಬಾರದು ಅನ್ನುವ ಮಾತು ನೀವೆಲ್ಲ ಕೇಳಿದ್ದೀರಿ. ಅದು ಬಂದಿದ್ದು 2014ರ ಒಂದು ಅಧ್ಯಯನದಿಂದ. ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ವಿಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ನೋಡಿದ ಮಧ್ಯಾಂಕ ಸಮಯ, ಅಂದರೆ ಅರ್ಧದಷ್ಟು ಸಲ ಅದಕ್ಕಿಂತ ಕಡಿಮೆ ನೋಡಿದರು ಅನ್ನುವ ಸಮಯ, ಹೆಚ್ಚೆಂದರೆ ಆರು ನಿಮಿಷ ಇತ್ತು. ಉಪಯೋಗದ ಸಂಗತಿಯೇ. ಆದರೆ ಅದು ಅಳೆದದ್ದು ಎಷ್ಟು ಹೊತ್ತು ನೋಡಿದರು ಅನ್ನುವುದನ್ನು, ಎಷ್ಟು ಕಲಿತರು ಅನ್ನುವುದನ್ನಲ್ಲ. ಇಪ್ಪತ್ತನಾಲ್ಕು ನಿಮಿಷದ ಪಾಠವನ್ನು ಕಣ್ಣುಮುಚ್ಚಿ ಆರಾರು ನಿಮಿಷಕ್ಕೆ ತುಂಡು ಮಾಡಿದರೆ ನಾಲ್ಕು ಅರ್ಧಂಬರ್ಧ ವಿಡಿಯೋ ಸಿಗುತ್ತವೆ, ಅಷ್ಟೇ.

ಇದಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ನಿಸುವುದು 2001ರಲ್ಲಿ ಮೇಯರ್ ಮತ್ತು ಚಾಂಡ್ಲರ್ ಮಾಡಿದ ಒಂದು ಚಿಕ್ಕ ಪ್ರಯೋಗ. ಮಿಂಚು ಹೇಗೆ ಉಂಟಾಗುತ್ತದೆ ಅಂತ ವಿವರಿಸುವ ಎರಡೂವರೆ ನಿಮಿಷದೊಳಗಿನ ಅನಿಮೇಷನ್ ಅದು. ಅದನ್ನು 16 ತುಂಡು ಮಾಡಿದರು. ಪ್ರತಿ ತುಂಡಿನ ಕೊನೆಗೆ ಒಂದು ಬಟನ್. ಕಲಿಯುವವರು ಒತ್ತಿದಾಗ ಮಾತ್ರ ಮುಂದಿನದು ಬರುತ್ತದೆ. ಹೀಗೆ ಎರಡು ಸಲ ತುಂಡುತುಂಡಾಗಿ ನೋಡಿದವರು, ಎರಡು ಸಲವೂ ಒಂದೇ ಓಟದಲ್ಲಿ ನೋಡಿದವರಿಗಿಂತ ಹೊಸ ಪ್ರಶ್ನೆಗಳನ್ನು ಚೆನ್ನಾಗಿ ಬಿಡಿಸಿದರು. ಎರಡೂವರೆ ನಿಮಿಷದಲ್ಲೇ ಇಷ್ಟು ವ್ಯತ್ಯಾಸ! ತುಂಡು ಚಿಕ್ಕದಾಗಿರುವುದಕ್ಕಿಂತ, "ಅರ್ಥವಾಯಿತು, ಮುಂದೆ ಹೋಗೋಣ" ಅಂತ ಹೇಳುವ ಹಕ್ಕು ಕಲಿಯುವವರ ಕೈಯಲ್ಲಿ ಇರುವುದು ದೊಡ್ಡ ವಿಷಯ ಅಂತ ನನ್ನ ನಂಬಿಕೆ. ಮಾಡ್ಯೂಲಿನ ಒಳಗೆ ಒಂದೊಂದು ತುಂಡೂ ಅಂಥ ಒಂದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮುಗಿಯಬೇಕು. ಕೆಲವು ನಾಲ್ಕು ನಿಮಿಷ ಆಗಬಹುದು, ಕೆಲವು ಒಂಬತ್ತು. ಗಡಿಯಾರ ನೋಡಿ ಸಮ ಮಾಡಬೇಕಿಲ್ಲ.

ಮಾಡ್ಯೂಲ್‌ಗಳು ಒಂದೇ ಉದ್ದ ಇರಬೇಕು ಅನ್ನುವ ಹಟವೂ ಬೇಡ. ಆದರೆ ಒಳಗಿನ ವಿನ್ಯಾಸ ಒಂದೇ ಥರ ಇರಲಿ. ಒಂದರಲ್ಲಿ ಅಭ್ಯಾಸ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬೇರೆ ಫೋಲ್ಡರ್‌ನಲ್ಲಿ ಅಂತಾದರೆ ಜನರ ಗಮನವೆಲ್ಲ ಹುಡುಕುವುದಕ್ಕೇ ಖರ್ಚಾಗುತ್ತದೆ. ನನಗೆ ಸರಿ ಅನ್ನಿಸುವ ಕ್ರಮ ಇದು. ಮೊದಲು ಒಂದು ಸಮಸ್ಯೆ. ಅದನ್ನು ಬಿಡಿಸಲು ಬೇಕಾದಷ್ಟು ವಿವರಣೆ. ಬಿಡಿಸಿ ತೋರಿಸಿದ ಒಂದು ಉದಾಹರಣೆ. ಅರ್ಧ ಬಿಡಿಸಿಟ್ಟ ಇನ್ನೊಂದು. ಆಮೇಲೆ ಪೂರ್ತಿ ಅವರದೇ ಒಂದು. ಜಾನ್ ಸ್ವೆಲ್ಲರ್ ಮತ್ತು ಅವರ ಜೊತೆಗಾರರು 1980ರ ದಶಕದಿಂದ ತೋರಿಸುತ್ತ ಬಂದಿರುವುದು ಇದನ್ನೇ. ಹೊಸಬರಿಗೆ ಶುರುವಿನಲ್ಲೇ ಖಾಲಿ ಹಾಳೆ ಕೊಡುವುದಕ್ಕಿಂತ ಬಿಡಿಸಿದ ಉದಾಹರಣೆ ಕೊಟ್ಟರೆ ಹೊರೆ ಕಡಿಮೆ. ಕಲಿಯುತ್ತ ಹೋದ ಹಾಗೆ ಆ ಆಸರೆಯನ್ನು ತೆಗೆಯುತ್ತ ಹೋಗಬೇಕು.

ಕೊನೆಯಲ್ಲಿ ಪ್ರಶ್ನೆಗಳು ಇರಲೇಬೇಕು. ಅಂಕ ಕೊಡಲಿಕ್ಕಲ್ಲ. ನೆನಪಿನಿಂದ ಹೊರಗೆ ತೆಗೆಯುವ ಆ ಶ್ರಮವೇ ಕಲಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಮಾಡಿದ ಪ್ರಯೋಗದಲ್ಲಿ ಒಂದು ಗುಂಪು ಅದೇ ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ನಿಮ್ಮ ಮಾಡ್ಯೂಲಿನ ಕೊನೆಯಲ್ಲಿ "ಈ ಮಾಡ್ಯೂಲಿನಲ್ಲಿ ನಾವು ಕಲಿತದ್ದು" ಅಂತ ಒಂದು ಪಟ್ಟಿ ಹಾಕುವ ಅಭ್ಯಾಸ ಇದ್ದರೆ, ಅದನ್ನು ತೆಗೆದು ಆ ಜಾಗದಲ್ಲಿ ಪ್ರಶ್ನೆ ಇಡಿ. ಪಟ್ಟಿಯನ್ನು ಅವರೇ ಬರೆಯಲಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಮಾಡ್ಯೂಲ್ ಮಾಡುವುದರಲ್ಲಿ ಒಂದು ಅಪಾಯವೂ ಇದೆ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಭಾಗ ಮಾಡಿದಾಗ ಭಾಗದ ಹೆಸರೇ ಉತ್ತರ ಬಿಟ್ಟುಕೊಡುತ್ತದೆ. "ಎರಡು ಪಟ್ಟಿ ಹೊಂದಿಸುವುದು" ಅನ್ನುವ ಮಾಡ್ಯೂಲಿನ ಕೊನೆಯಲ್ಲಿ ಅಭ್ಯಾಸ ಕೊಟ್ಟರೆ, ಎಕ್ಸ್‌ಲುಕಪ್ (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ಫಂಕ್ಷನ್) ಬಳಸಬೇಕು ಅಂತ ಓದುವ ಮೊದಲೇ ಗೊತ್ತು. ಯಾವ ಸಾಧನ ಬೇಕು ಅಂತ ಆರಿಸುವ ಕೆಲಸವನ್ನು ಅವರು ಮಾಡುವುದೇ ಇಲ್ಲ. ಹೊರಗೆ ಬಂದಾಗ ಯಾವ ಸಮಸ್ಯೆಯ ಮೇಲೂ ಮಾಡ್ಯೂಲಿನ ಹೆಸರು ಬರೆದಿರುವುದಿಲ್ಲ. ಆಗ ಅವರು ಕಂಗಾಲಾಗುತ್ತಾರೆ. "ಕೋರ್ಸಿನಲ್ಲಿ ಎಲ್ಲಾ ಬರುತ್ತಿತ್ತು, ಈಗ ಬರುತ್ತಿಲ್ಲ" ಅನ್ನುತ್ತಾರೆ.

2007ರಲ್ಲಿ ರೋರರ್ ಮತ್ತು ಟೇಲರ್ ಇದನ್ನು ಗಣಿತದಲ್ಲಿ ಅಳೆದು ನೋಡಿದರು. ಬೇರೆ ಬೇರೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳು. ಒಂದು ಗುಂಪಿಗೆ ಒಂದೊಂದು ಆಕೃತಿಯದ್ದನ್ನೂ ಒಟ್ಟಿಗೆ ಕೊಟ್ಟರು, ಮಾಡ್ಯೂಲಿನ ಹಾಗೆ. ಇನ್ನೊಂದು ಗುಂಪಿಗೆ ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಮೊದಲ ಗುಂಪು ನೂರಕ್ಕೆ 89 ಸರಿ ಮಾಡಿತು, ಕಲಸಿ ಮಾಡಿದವರು 60. ವಾರ ಕಳೆದು ಪರೀಕ್ಷೆ ಕೊಟ್ಟಾಗ ಮೊದಲ ಗುಂಪು 20ಕ್ಕೆ ಇಳಿದಿತ್ತು, ಕಲಸಿ ಮಾಡಿದವರು 63ರಲ್ಲಿದ್ದರು. ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಕಂಡದ್ದು ಉಳಿಯಲಿಲ್ಲ.

ಇದರಿಂದ ಮಾಡ್ಯೂಲೇ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಮೊದಲ ಸಲ ಕಲಿಯುವಾಗ ಒಂದನ್ನೇ ಹಿಡಿದು ಕೂರಬೇಕು. ಆದರೆ ಮಾಡ್ಯೂಲ್‌ಗಳ ನಡುವಿನ ಬೆಸುಗೆಯನ್ನೂ ನಾವೇ ಯೋಚಿಸಿ ಕಟ್ಟಬೇಕು. ಹೇಗೆ? ಎರಡನೇ ಮಾಡ್ಯೂಲಿನಿಂದ ಮುಂದೆ, ಪ್ರತಿ ಮಾಡ್ಯೂಲಿನ ಅಭ್ಯಾಸದಲ್ಲಿ ಒಂದು ಪಾಲು ಹಳೆಯದು ಇರಲಿ, ಯಾವ ಮಾಡ್ಯೂಲಿನದು ಅಂತ ಹೇಳದೆ. ಎರಡು ಮೂರು ಮಾಡ್ಯೂಲ್ ಆದಮೇಲೆ ಹೊಸ ವಿಷಯ ಏನೂ ಇಲ್ಲದ, ಸಮಸ್ಯೆಗಳೇ ಇರುವ ಒಂದು ಮಾಡ್ಯೂಲ್ ಬರಲಿ.

ನಮ್ಮ ಸ್ಪ್ರೆಡ್‌ಶೀಟ್ ಕೋರ್ಸಿನಲ್ಲಿ ಇದಕ್ಕೆ ಒಳ್ಳೆ ಜಾಗ ಇದೆ. ಮೊದಲ ಮಾಡ್ಯೂಲಿನಲ್ಲಿ, ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಇದ್ದರೆ ಟ್ರಿಮ್ ಫಂಕ್ಷನ್‌ನಿಂದ ತೆಗೆಯುವುದು ಕಲಿತಿದ್ದಾರೆ. ನಾಲ್ಕನೇ ಮಾಡ್ಯೂಲಿನಲ್ಲಿ ಎರಡು ಪಟ್ಟಿ ಹೊಂದಿಸುತ್ತಾರೆ. ಆ ಪಟ್ಟಿಯಲ್ಲಿ ಕೆಲವು ಹೆಸರುಗಳ ಕೊನೆಯಲ್ಲಿ ಬೇಕೆಂದೇ ಒಂದು ಖಾಲಿ ಜಾಗ ಬಿಟ್ಟಿಡಿ. ಸೂತ್ರ ಸರಿಯಾಗಿದೆ, ಆದರೂ ಕೆಲವು ಹೆಸರು ಸಿಗುತ್ತಿಲ್ಲ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಸ್ವಲ್ಪ ಹೊತ್ತು ಒದ್ದಾಡಿ, "ಓ, ಮೊದಲು ಶುಚಿ ಮಾಡಬೇಕಿತ್ತು" ಅಂತ ಅವರಿಗೇ ಹೊಳೆಯುತ್ತದೆ. ಹಾಗೇ ಅಕ್ಷರದ ರೂಪದಲ್ಲಿ ಕೂತ ಸಂಖ್ಯೆಗಳು. ಒಟ್ಟು ಹಾಕಿದರೆ ಸೊನ್ನೆ ಬರುತ್ತದೆ. ಅದನ್ನೂ ಮೊದಲ ಮಾಡ್ಯೂಲಿನಲ್ಲಿ ಹೇಳಿ, ಕೊನೆಯ ಮಾಡ್ಯೂಲಿನ ಚಾರ್ಟಿನಲ್ಲಿ ಮತ್ತೆ ಎದುರಿಗೆ ತನ್ನಿ. ಆಗ ಐದು ಮಾಡ್ಯೂಲ್ ಸೇರಿ ಒಂದು ಕೋರ್ಸ್ ಆಗುತ್ತದೆ. ಇಲ್ಲದಿದ್ದರೆ ಐದು ಬೇರೆ ಬೇರೆ ಚಿಕ್ಕ ಕೋರ್ಸುಗಳು ಪಕ್ಕಪಕ್ಕ ಕೂತಿರುತ್ತವೆ.

ಬೀಗದ ವಿಷಯ. ಮೂಡಲ್‌ನಲ್ಲಿ, ಕ್ಯಾನ್ವಾಸ್‌ನಲ್ಲಿ, ಇನ್ನೂ ಹಲವು ವೇದಿಕೆಗಳಲ್ಲಿ, ಒಂದು ಮಾಡ್ಯೂಲ್ ಮುಗಿಸದೆ ಮುಂದಿನದು ತೆರೆಯದ ಹಾಗೆ ಮಾಡಬಹುದು. ಇದರ ಹಿಂದೆ ಒಳ್ಳೆಯ ಯೋಚನೆ ಇದೆ. 1960ರ ದಶಕದಲ್ಲೇ ಫ್ರೆಡ್ ಕೆಲ್ಲರ್ ಎಂಬ ಮನೋವಿಜ್ಞಾನಿ ಇಂಥದ್ದೊಂದು ಪದ್ಧತಿ ಕಟ್ಟಿದ್ದರು. ಕೋರ್ಸನ್ನು ಘಟಕಗಳಾಗಿ ಒಡೆದು, ಒಂದೊಂದನ್ನೂ ಪೂರ್ತಿ ಕರಗತ ಮಾಡಿಕೊಂಡ ಮೇಲೆ, ಅವರವರ ವೇಗದಲ್ಲೇ ಮುಂದಕ್ಕೆ ಕಳಿಸುವುದು. ಅಲ್ಲಿ ಫೇಲಾದರೆ ಶಿಕ್ಷೆ ಇರಲಿಲ್ಲ, ಮತ್ತೆ ಪ್ರಯತ್ನಿಸಬಹುದಿತ್ತು. ಮೊದಲೇ ಮುಗಿಸಿದ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. ನಾವು ಈಗ ಹಾಕುವ ಬೀಗಗಳಲ್ಲಿ ಎಷ್ಟೋ ಸಲ ಆ ಸಹಾಯ ಇಲ್ಲ, ಬರೀ ಬೀಗ ಇದೆ. "ವಿಡಿಯೋ ಪೂರ್ತಿ ನೋಡಿದರೆ ಮಾತ್ರ ಮುಂದೆ" ಅನ್ನುವ ಬೀಗ ಕಲಿಕೆಯನ್ನು ಅಳೆಯುವುದೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಿಂದಿನದು ಗೊತ್ತಿಲ್ಲದೆ ಮುಂದಿನದು ನಿಜವಾಗಿ ಅಸಾಧ್ಯ ಅನ್ನುವ ಕಡೆ ಮಾತ್ರ ಬೀಗ ಹಾಕಿ. ಅಲ್ಲೂ, ಗೊತ್ತಿದ್ದವರು ನೇರ ಪರೀಕ್ಷೆ ಕೊಟ್ಟು ದಾಟುವ ದಾರಿ ಇಡಿ. ಗೊತ್ತಿರುವುದನ್ನೇ ಮತ್ತೆ ಕೇಳಬೇಕು ಅಂದಾಗ ಜನ ಎದ್ದು ಹೋಗುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. "ಮಾಡ್ಯೂಲ್ 3: ಸೂತ್ರಗಳು, ಭಾಗ 2" ಅನ್ನುವ ಹೆಸರು ತಯಾರಿಸಿದವರಿಗೆ ಮಾತ್ರ ಅರ್ಥವಾಗುತ್ತದೆ. "ಒಂದೇ ಲೆಕ್ಕ, ಸಾವಿರ ಸಾಲಿಗೆ" ಅಂದರೆ ಬೇಕಾದವರು ಅದನ್ನು ಆರು ತಿಂಗಳು ಬಿಟ್ಟೂ ಹುಡುಕಿಕೊಂಡು ಬರುತ್ತಾರೆ. "ಇತರೆ", "ಹೆಚ್ಚುವರಿ" ಅನ್ನುವ ಮಾಡ್ಯೂಲ್ ಹುಟ್ಟಿಕೊಂಡರೆ ಅಲ್ಲಿರುವುದಕ್ಕೆ ಕೋರ್ಸಿನಲ್ಲಿ ಕೆಲಸ ಇಲ್ಲ ಅಂತ ಅರ್ಥ. ತೆಗೆದುಹಾಕಿ. ಕಷ್ಟಪಟ್ಟು ಮಾಡಿದ ವಿಡಿಯೋ ಕೈಬಿಡುವುದು ನೋವಿನ ಕೆಲಸ ಅಂತ ನನಗೆ ಗೊತ್ತು.

ಇನ್ನೊಂದು, ರೆಕಾರ್ಡ್ ಮಾಡುವವರಿಗೆ. ವಿಡಿಯೋದಲ್ಲಿ "ಹಿಂದಿನ ಮಾಡ್ಯೂಲಿನಲ್ಲಿ ನೋಡಿದ ಹಾಗೆ", "ಐದನೇ ವಾರದಲ್ಲಿ ನೋಡೋಣ" ಅಂತ ಹೇಳಬೇಡಿ. ನಾಳೆ ಕ್ರಮ ಬದಲಿಸಿದರೆ ಆ ಒಂದು ವಾಕ್ಯಕ್ಕಾಗಿ ಪೂರ್ತಿ ವಿಡಿಯೋ ಮತ್ತೆ ಮಾಡಬೇಕಾಗುತ್ತದೆ. ಕ್ರಮ ಹೇಳುವ ಮಾತುಗಳನ್ನು ಪುಟದ ಮೇಲೆ ಬರಹದಲ್ಲಿ ಇಡಿ, ಅಲ್ಲಿ ತಿದ್ದುವುದು ಸುಲಭ. ಹಾಗೇ ಬೇಗ ಹಳೆಯದಾಗುವ ಭಾಗಗಳು, ಅಂದರೆ ಪರದೆಯ ಚಿತ್ರಗಳು, ಬಟನ್ ಇರುವ ಜಾಗ, ಇವನ್ನು ಬೇರೆ ತುಂಡಾಗಿಡಿ. ಗಟ್ಟಿಯಾಗಿ ಉಳಿಯುವ ವಿವರಣೆಯ ಜೊತೆ ಬೆರೆಸಬೇಡಿ.

ಕೊನೆಗೆ ಒಂದು ಪ್ರಶ್ನೆ ಬಂದಿದೆ, ಚೀಟಿಯಲ್ಲಿ. "ನನ್ನ ಬಳಿ ಆಗಲೇ ನಲವತ್ತು ಗಂಟೆಯ ತರಗತಿ ರೆಕಾರ್ಡಿಂಗ್ ಇದೆ. ಎಲ್ಲಾ ಮತ್ತೆ ಮಾಡಬೇಕಾ ಸರ್?"

ಬೇಡ. ವಿಡಿಯೋ ಫೈಲುಗಳನ್ನು ಸದ್ಯಕ್ಕೆ ತೆರೆಯಲೇಬೇಡಿ. ತೆರೆದರೆ ಅವುಗಳ ಕ್ರಮವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮೊದಲು ಒಂದು ಹಾಳೆ ತೆಗೆದುಕೊಂಡು, ಈ ಕೋರ್ಸ್ ಮುಗಿಸಿದವರು ಏನೇನು ಮಾಡಬಲ್ಲರು ಅಂತ ಬರೆಯಿರಿ. ಒಂದೊಂದಕ್ಕೂ ಒಂದು ಅಭ್ಯಾಸ ಬರೆಯಿರಿ. ಅದನ್ನು ವಿಷಯ ಗೊತ್ತಿಲ್ಲದ ಒಬ್ಬರ ಮುಂದಿಟ್ಟು, ಎಲ್ಲಿ ನಿಲ್ಲುತ್ತಾರೆ ನೋಡಿ. ಅವರು ನಿಂತ ಜಾಗಗಳಿಗೆ ಯಾವ ವಿವರಣೆ ಬೇಕೋ ಅದನ್ನು ಮಾತ್ರ ಹುಡುಕಿಕೊಂಡು ರೆಕಾರ್ಡಿಂಗ್ ತೆರೆಯಿರಿ. ಬೇಕಾದ ತುಂಡು ಸಿಕ್ಕಿದರೆ ಕತ್ತರಿಸಿ ತನ್ನಿ. ಧ್ವನಿ ಸರಿಯಿಲ್ಲದಿದ್ದರೆ, ಅಥವಾ ತರಗತಿಯಲ್ಲಿ ಯಾರಿಗೋ ಉತ್ತರ ಕೊಡುತ್ತ ಬೇರೆಲ್ಲೋ ಹೋಗಿದ್ದರೆ, ಅಷ್ಟು ಮಾತ್ರ ಹೊಸದಾಗಿ ಮಾಡಿ. ಮೊದಲ ಮಾಡ್ಯೂಲ್ ಒಂದನ್ನು ಹೀಗೆ ಪೂರ್ತಿ ಕಟ್ಟಿ, ನಾಲ್ಕೈದು ಜನರಿಗೆ ಕೊಟ್ಟು ನೋಡಿ. ಎರಡನೆಯದಕ್ಕೆ ಆಮೇಲೆ ಕೈ ಹಾಕಿ. ಉಳಿದ ರೆಕಾರ್ಡಿಂಗ್‌ಗಳನ್ನು ಅಳಿಸಬೇಕಿಲ್ಲ. ಪೂರ್ತಿ ತರಗತಿ ಕೇಳಬೇಕು ಅನ್ನುವವರೂ ಇರುತ್ತಾರೆ, ಅವರಿಗಾಗಿ ಕೋರ್ಸಿನ ಹೊರಗೆ ಒಂದು ಲಿಂಕ್ ಕೊಟ್ಟರೆ ಸಾಕು.